ಘಟಸರ್ಪದ ಸಖ್ಯ

ಸರ್ಪವೆಂದರೆ ಭಯವೂ ಭಕ್ತಿಯೂ ಒಟ್ಟಿಗೆ ಹುಟ್ಟುವುದು ನಮ್ಮ ಜನರ ಸ್ವಭಾವ. ಪಶ್ಚಿಮದವರಿಗಾದರೋ ಬಹುಕಾಲ ಭಯವೇ ಮುಂದಾಗಿದ್ದಿತು. ರೆಕ್ಕೆಯುಳ್ಳ, ಬೆಂಕಿಯನ್ನುಗುಳುವ ಮಹಾಸರ್ಪವನ್ನು ಅವರು ಡ್ರ್ಯಾಗನ್ ಎನ್ನುವರು. ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ಘಟಸರ್ಪವೆಂದು ಹೆಸರು. ಇಂದ್ರನು ವೃತ್ರನನ್ನು ಕೊಂದಂತೆ, ಅವರ ಕಥೆಗಳಲ್ಲಿ ಸಿಗುರ್ಡನು ಫಾಫ್ನಿರನನ್ನು ಕೊಂದನು, ಸಂತ ಜಾರ್ಜನು ಈಟಿಯಿಂದ ಇರಿದನು. ಇಂತಹ ಪ್ರಾಣಿಯೊಡನೆ ಮನುಷ್ಯನು ಸಖ್ಯವನ್ನು ಬೆಳೆಸುವ ಕಥೆಗಳು ಹೆಚ್ಚಾಗಿ ಈಚಿನವು. 1968 ರಲ್ಲಿ ಆನ್ ಮೆಕ್ಯಾಫ್ರಿ ಎಂಬ ಅಮೆರಿಕದ ಲೇಖಕಿಯು ‘ಡ್ರ್ಯಾಗನ್‌ಫ್ಲೈಟ್’ ಎಂಬ ಕಾದಂಬರಿಯಲ್ಲಿ, ಮೊಟ್ಟೆಯೊಡೆದು ಬಂದ ಮರಿಯು ಒಬ್ಬರನ್ನು ಆರಿಸಿಕೊಂಡು ಅವರೊಡನೆ ಮನಸ್ಸಿನಲ್ಲಿಯೇ ಮಾತನಾಡುವುದನ್ನು ವರ್ಣಿಸಿದಳು. ಆ ಸಂತತಿಯಲ್ಲಿ ಈಚೆಗೆ ಬಹಳ ಹೆಸರಾದದ್ದು ರೆಬೆಕಾ ಯಾರೋಸ್ ಬರೆದ ‘ಫೋರ್ತ್ ವಿಂಗ್’. ಇದು 2023 ರಲ್ಲಿ ಪ್ರಕಟವಾಯಿತು.

ಈ ಪುಸ್ತಕವು ನಮ್ಮ ಕೈಗೆ ಬಂದುದು ಪರೀಕ್ಷೆಗಾಗಿ. ನಮ್ಮ ಕಿರಿಯ ಮಗಳಿಗೆ ಇಪ್ಪತ್ತಮೂರು ವರ್ಷ. ಚಿಕ್ಕಂದಿನಿಂದ ಮೊಣಕಾಲಿನ ಕೀಲುಗಳು ದುರ್ಬಲ. “ಹುಡುಗಿ ರಾತ್ರಿಯೆಲ್ಲ ಇದನ್ನೇ ಓದುತ್ತಾಳೆ. ಓದತಕ್ಕದ್ದೋ ಅಲ್ಲವೋ ನೀವೇ ನೋಡಿ ಹೇಳಿ” ಎಂದು ಮನೆಯವರು ನಮಗೆ ಅದನ್ನು ಒಪ್ಪಿಸಿದರು.

ದೋಷಗಳನ್ನು ಮೊದಲು ಹೇಳಿಬಿಡುವೆವು. ಇದು ಮಕ್ಕಳ ಪುಸ್ತಕವಲ್ಲ. ಮಾತು ಅನೇಕ ಕಡೆ ಗ್ರಾಮ್ಯ, ಶೃಂಗಾರಕ್ಕೆ ತೆರೆಯಿಲ್ಲ, ರಕ್ತಕ್ಕೆ ಮಿತಿಯಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಅಲ್ಲಿಯ ಯುದ್ಧವಿದ್ಯಾಲಯವನ್ನು ಕಂಡು ಮೈ ನಡುಗಿತು. ಪ್ರವೇಶಕ್ಕೆ ಬಂದವರು ಬಹು ಎತ್ತರದಲ್ಲಿ, ಹಿಡಿಯಲು ಕಟಕಟೆಯಿಲ್ಲದ ಕಿರಿದಾದ ಕಲ್ಲಿನ ಸೇತುವೆಯನ್ನು ದಾಟಬೇಕು, ಬಿದ್ದವರು ಸತ್ತರು. ಒಳಗೆ ಹೋದ ಮೇಲೆಯೂ ಸಹಪಾಠಿಯು ಸಹಪಾಠಿಯನ್ನು ಕೊಲ್ಲುವುದುಂಟು. ಮಲಗಿದವರ ಮೇಲೆ ಕೈಮಾಡಕೂಡದೆಂದು ಮಾತ್ರ ನಿಯಮ. ಆ ನಿಯಮವನ್ನೂ ಮುರಿಯುವವರು ಬರುತ್ತಾರೆ. ಸೌಪ್ತಿಕಪರ್ವವನ್ನು ಓದಿದವರಿಗೆ ಅಶ್ವತ್ಥಾಮನ ನೆನಪು ತಾನಾಗಿಯೇ ಬರುವುದು.

ಈ ಕ್ರೂರಸ್ಥಳಕ್ಕೆ ಬರುವವಳು ವಯೊಲೆಟ್ ಎಂಬ ಇಪ್ಪತ್ತು ವರ್ಷದ ಹುಡುಗಿ. ಎಲುಬುಗಳು ಬೇಗ ಮುರಿಯುವುವು, ಕೀಲುಗಳು ಜಾರುವುವು. ಗ್ರಂಥಗಳ ನಡುವೆ ಲಿಪಿಕಾರಳಾಗಿ ಬಾಳಬೇಕೆಂದಿದ್ದವಳನ್ನು ಸೇನಾಧಿಪತಿಯಾದ ತಾಯಿಯೇ ಬಲವಂತದಿಂದ ಸವಾರರ ಗುಂಪಿಗೆ ಕಳುಹಿಸುವಳು. ಸೇತುವೆಯ ಮೇಲೆ ಗಾಳಿ ಬೀಸಿ ಪ್ರಾಣ ಹಾರುವಂತಾದಾಗ ಆ ಹುಡುಗಿಯು ಮಾಡುವುದೇನು? ತಾನು ಕಲಿತ ದೇಶದ ಚರಿತ್ರೆಯನ್ನೂ ಭೂಗೋಳವನ್ನೂ ಬಾಯಲ್ಲಿ ಒಪ್ಪಿಸುತ್ತ ಹೆಜ್ಜೆಯಿಡುವಳು! ಉಪಾಧ್ಯಾಯರಾಗಿದ್ದವರಿಗೆ ಇದಕ್ಕಿಂತ ಸಂತೋಷವುಂಟೆ? ಲೇಖಕಿಗೂ ಏಲರ್ಸ್-ಡ್ಯಾನ್ಲಾಸ್ ಎಂಬ, ಕೀಲುಗಳ ಕಟ್ಟು ಹುಟ್ಟಿನಿಂದ ಸಡಿಲವಾಗಿರುವ ವ್ಯಾಧಿಯುಂಟು. ಆದುದರಿಂದಲೇ ನೋವಿನ ವರ್ಣನೆಯಲ್ಲಿ ಕೃತಕತೆಯಿಲ್ಲ.

ಮುಂದೆ ಘಟಸರ್ಪಗಳು ತಮ್ಮ ಸವಾರರನ್ನು ಆರಿಸುವ ದಿನ ಬರುವುದು. ಬಂಗಾರದ ಬಣ್ಣದ ಪುಟ್ಟ ಘಟಸರ್ಪವೊಂದನ್ನು ಕೆಲಸಕ್ಕೆ ಬಾರದ್ದೆಂದು ಬಗೆದು ಕೊಲ್ಲಲು ಮೂವರು ಸಹಪಾಠಿಗಳು ಹೊರಡುವರು. ನಿಲ್ಲಲು ಶಕ್ತಿಯಿಲ್ಲದ ಈ ಹುಡುಗಿಯು ಅದಕ್ಕೆ ಅಡ್ಡವಾಗಿ ನಿಲ್ಲುವಳು. ಆಗ ಟೇರ್ನ್ ಎಂಬ ಕಪ್ಪು ಬಣ್ಣದ ಮಹಾಘಟಸರ್ಪವು ಬಂದಿಳಿದು, ಬಲಿಷ್ಠರನ್ನೆಲ್ಲ ಬಿಟ್ಟು, ಅವಳನ್ನೇ ತನ್ನವಳೆಂದು ಸ್ವೀಕರಿಸುವುದು. ಈ ನಂಟು ಹಗುರವಾದುದಲ್ಲ. ಘಟಸರ್ಪವು ಸತ್ತರೆ ಸವಾರನೂ ಸಾಮಾನ್ಯವಾಗಿ ಉಳಿಯನು.

ಇಲ್ಲಿ ಒಂದು ಶಬ್ದವಿಚಾರ. ಡ್ರ್ಯಾಗನ್ ಎಂಬುದು ಗ್ರೀಕರ ‘ದ್ರಾಕೋನ್’ ಶಬ್ದದಿಂದ ಬಂದುದು. ಅದರ ಮೂಲವು ನೋಡುವುದೆಂಬ ಅರ್ಥದ ಧಾತುವೆಂದು ಅನೇಕ ವಿದ್ವಾಂಸರ ಮತ. ನಮ್ಮ ‘ದೃಶ್’ ಧಾತುವು ಆ ಧಾತುವಿಗೆ ಒಡಹುಟ್ಟು. ನಮ್ಮ ಅಮರಸಿಂಹನೂ ಹಾವಿನ ಹೆಸರುಗಳಲ್ಲಿ ‘ಚಕ್ಷುಃಶ್ರವಾಃ’ ಎಂಬುದನ್ನು ಹೇಳಿರುವನಷ್ಟೆ. ಕಣ್ಣೇ ಕಿವಿಯಾದುದು ಎಂದರ್ಥ. ಹೀಗೆ ನೋಡಿದರೆ ಘಟಸರ್ಪವೆಂದರೆ ಕಾಣಬಲ್ಲದ್ದು. ವಿದ್ಯಾಲಯವು ತೋಳಿನ ಬಲವನ್ನು ಅಳೆಯಿತು. ಅಂಜುತ್ತಿದ್ದರೂ ಅಲುಗದೆ ನಿಂತ ಮನಸ್ಸನ್ನು ಘಟಸರ್ಪವು ಕಂಡಿತು. ಅಳೆಯುವುದು ಬೇರೆ, ಕಾಣುವುದು ಬೇರೆ. ಪುಸ್ತಕದ ಸಾರವೆಲ್ಲ ಇದರಲ್ಲಿದೆ ಎಂದು ನಮ್ಮ ಅಭಿಪ್ರಾಯ.

ಮೆಚ್ಚತಕ್ಕ ಇನ್ನೊಂದು ಸಂಗತಿಯುಂಟು. ಆರಿಸಲ್ಪಟ್ಟ ಮಾತ್ರಕ್ಕೆ ಹುಡುಗಿಯ ದೇಹವು ವಜ್ರವಾಗುವುದಿಲ್ಲ. ಹಾರುವಾಗ ಹಿಡಿತ ತಪ್ಪಿ ಬೀಳುವಳು. ಬಿದ್ದವಳನ್ನು ಟೇರ್ನ್ ಹಿಡಿಯುವುದು. ಜೀನಿಲ್ಲದೆ ಕೂರುವುದು ಅಲ್ಲಿಯ ಪದ್ಧತಿ. ಆದರೂ ಅವಳಿಗಾಗಿ ಜೀನೊಂದು ಸಿದ್ಧವಾಗುವುದು. ಪವಾಡವನ್ನು ತಂದು ರೋಗವನ್ನು ತೊಲಗಿಸುವುದು ಕಥೆಗಾರರಿಗೆ ಸುಲಭ. ರೋಗವನ್ನು ಇರಗೊಟ್ಟು ಜೀನನ್ನು ತಂದುದು ಲೇಖಕಿಯ ವಿವೇಕ.

ಓದಿ ಮುಗಿಸಿ ಪುಸ್ತಕವನ್ನು ಹಿಂದಿರುಗಿಸುತ್ತ, ಯಾವ ಭಾಗ ನಿನಗೆ ಹಿಡಿಸಿತೆಂದು ಮಗಳನ್ನು ಕೇಳಿದೆವು. ಬೆಂಕಿಯನ್ನೋ ಪ್ರಣಯವನ್ನೋ ಹೇಳುವಳೆಂದು ನಮ್ಮ ಊಹೆ. “ಜೀನು, ಅಪ್ಪ” ಎಂದಳು. ವೈದ್ಯರು ಊರುಗೋಲನ್ನು ಹಿಡಿಯೆಂದು ಹೇಳಿ ಎರಡು ವರ್ಷವಾಗಿದ್ದರೂ, ಕಛೇರಿಯಲ್ಲಿ ನಾಲ್ಕು ಜನ ನೋಡುವರೆಂಬ ನಾಚಿಕೆಯಿಂದ ಅವಳು ಅದನ್ನು ಬಾಗಿಲ ಹಿಂದೆ ನಿಲ್ಲಿಸಿದ್ದಳು. ಅಂದಿನಿಂದಲೇ ಹಿಡಿದಳೆಂದು ಬರೆದರೆ ಸುಳ್ಳಾಗುವುದು. ಕೆಲವು ದಿನ ಹಿಡಿಯುವಳು, ಕೆಲವು ದಿನ ಮರೆತೆನೆನ್ನುವಳು. ಆದರೆ ಅದು ಈಗ ಬಾಗಿಲ ಹಿಂದಿಲ್ಲ, ಪಾದರಕ್ಷೆಗಳ ಪಕ್ಕದಲ್ಲಿದೆ.

ಮನೆಯವರಿಗೆ ನಾವು ಕೊಟ್ಟ ತೀರ್ಪನ್ನೇ ವಾಚಕರಿಗೂ ಅರಿಕೆಮಾಡುವೆವು: ಬಾಲಕಬಾಲಿಕೆಯರ ಕೈಗೆ ಈ ಪುಸ್ತಕ ಬೇಡ, ಪ್ರಾಯಕ್ಕೆ ಬಂದವರು ಓದಲಿ. ಹಿರಿಯರು ಅದನ್ನು ಕಸಿದುಕೊಳ್ಳುವ ಮೊದಲು ತಾವೊಮ್ಮೆ ಓದಿ, ಮಕ್ಕಳು ಅದರಲ್ಲಿ ಏನನ್ನು ಕಂಡರೆಂದು ಕೇಳುವುದು ಒಳ್ಳೆಯದು.