ಮೂಲವೇತನ

ನನ್ನ ತಮ್ಮನ ಮಗನು ದುಬೈಯಲ್ಲಿ ಹನ್ನೊಂದು ವರ್ಷ ಕಟ್ಟಡಗಳ ಇಂಜಿನಿಯರನಾಗಿದ್ದು 2024ರಲ್ಲಿ ಊರಿಗೆ ಮರಳಿದನು. ಅವನು ಹೊರಟುದು 2013ರಲ್ಲಿ. ಹೊರಡುವ ಮುನ್ನ ಕೆಲಸದ ಕರಾರುಪತ್ರವನ್ನು ತಂದು ನನ್ನ ಮುಂದಿಟ್ಟಿದ್ದನು. ಕಾಗದಪತ್ರಗಳನ್ನು ಓದಿ ಹೇಳುವ ಭಾರ ನಮ್ಮ ಮನೆಯಲ್ಲಿ ಮೊದಲಿನಿಂದಲೂ ನನ್ನದೇ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಸರ್ವವೂ ತಿಳಿಯುವುದೆಂದು ನಮ್ಮ ಹಿರಿಯರು ನಂಬಿದ್ದರು; ಆ ನಂಬಿಕೆಯನ್ನು ಕೆಡಿಸಲು ನಾನೂ ಹೋಗಿರಲಿಲ್ಲ. ಪತ್ರದಲ್ಲಿ ಮೂಲವೇತನ, ಮನೆ ಬಾಡಿಗೆಯ ಭತ್ಯೆ, ವಾಹನದ ಭತ್ಯೆ ಎಂದು ಬೇರೆಬೇರೆ ಸಾಲುಗಳಿದ್ದವು. ನನ್ನ ದೃಷ್ಟಿ ಹೋದುದು ಕೊನೆಯ ಸಾಲಿಗೆ. ಒಟ್ಟು 14,000 ದಿರ್ಹಂ. ಅದನ್ನು ರೂಪಾಯಿಗೆ ತಿರುಗಿಸಿ, ನನ್ನ ಸಂಬಳದೊಡನೆ ತೂಗಿ ನೋಡಿ, ತುಸು ನಾಚಿಕೆಯೂ ಬಹಳ ಹೆಮ್ಮೆಯೂ ಪಟ್ಟು, "ಒಳ್ಳೆಯದಾಗಿದೆ, ಹೋಗಿ ಬಾ" ಎಂದು ಹರಸಿದೆನು.

ಹಿಡಿದ ಕಾಮಗಾರಿ ಮುಗಿದಾಗ ಅವನ ಕೆಲಸವೂ ಮುಗಿಯಿತು. ಆ ವೇಳೆಗೆ ಸಂಬಳ 20,000 ದಿರ್ಹಮಿಗೆ ಏರಿತ್ತು. ಇತ್ತ ನನ್ನ ತಮ್ಮನು ಮಗನಿಗೆ ಬರುವ ಉಪದಾನವನ್ನು, ಎಂದರೆ ಜನರು ಗ್ರಾಚ್ಯುಯಿಟಿ ಎನ್ನುವ ಹಣವನ್ನು, ಈ 20,000ದ ಲೆಕ್ಕದಲ್ಲಿ ಎಣಿಸಿ, ಆ ಧೈರ್ಯದ ಮೇಲೆ ಬ್ಯಾಂಕಿನಿಂದ 30 ಲಕ್ಷ ಸಾಲ ಪಡೆದು ಮನೆಯ ಮೇಲೆ ಮಾಳಿಗೆ ಎಬ್ಬಿಸಿದ್ದನು.

ಹುಡುಗನು ಬಂದ ಮರುದಿನ ಜಗಲಿಯಲ್ಲಿ ಕುಳಿತು ಲೆಕ್ಕದ ಕಾಗದವನ್ನು ಬಿಡಿಸಿದನು. ಆ ದೇಶದ ಕಾಯಿದೆಯಂತೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಅನಂತರದ ವರ್ಷಗಳಿಗೆ 30 ದಿನಗಳ ವೇತನವು ಸೇವೆಯ ಅಂತ್ಯದಲ್ಲಿ ಸಲ್ಲಬೇಕು. 1980ರ ಹಳೆಯ ಕಾಯಿದೆಯಲ್ಲಿಯೂ ಅದನ್ನು ತೆಗೆದು 2022ರಲ್ಲಿ ಜಾರಿಗೆ ತಂದ ಹೊಸ ಕಾಯಿದೆಯಲ್ಲಿಯೂ ಈ ಪ್ರಮಾಣ ಒಂದೇ. ಹನ್ನೊಂದು ವರ್ಷಕ್ಕೆ 285 ದಿನಗಳಾದವು. ಆದರೆ ಆ ದಿನದ ಬೆಲೆ ಕಟ್ಟುವುದು ಮೂಲವೇತನವೊಂದರಿಂದಲೇ, ಭತ್ಯೆಗಳು ಲೆಕ್ಕಕ್ಕಿಲ್ಲ. ಅವನ ಮೂಲವೇತನ ಮೊದಲ ದಿನ 8,000 ಇದ್ದುದು ಕೊನೆಯ ದಿನವೂ 8,000ವೇ. ಏರಿದುದೆಲ್ಲವೂ ಭತ್ಯೆ. ಹೀಗಾಗಿ ತಮ್ಮನು ನೆನೆದಿದ್ದ 1,90,000 ದಿರ್ಹಮಿಗೆ ಪ್ರತಿಯಾಗಿ ಕೈಗೆ ಬಂದುದು 76,000. ನಮ್ಮ ಹಣದಲ್ಲಿ 43 ಲಕ್ಷವೆಂದುಕೊಂಡದ್ದು ಸುಮಾರು 17 ಲಕ್ಷವಾಯಿತು.

ಕಂಪನಿಯವರು ಮೋಸ ಮಾಡಿದರೇ ಎಂದು ಕೇಳಿದೆನು. "ಇಲ್ಲ ದೊಡ್ಡಪ್ಪ, ಹದಿನಾಲ್ಕು ದಿನದೊಳಗೆ ಕೊಡಬೇಕೆಂದು ನಿಯಮ, ಅದಕ್ಕೂ ಮೊದಲೇ ಕೊಟ್ಟರು. ಎಲ್ಲವೂ ಪತ್ರದಲ್ಲಿ ಬರೆದಂತೆಯೇ ಇದೆ" ಎಂದನು. ಅವನು "ನೀವು ಓದಿದ ಪತ್ರ" ಎನ್ನಲಿಲ್ಲ. ತಮ್ಮನು ಬಿಡಲಿಲ್ಲ. "ಅಣ್ಣಾ, ಅಂದು ನೀನೇ ಅಲ್ಲವೇ ಓದಿ ಸರಿಯಿದೆ ಎಂದದ್ದು?" ಎಂದು ಕೇಳಿ ಎದ್ದು ತೋಟದ ಕಡೆಗೆ ಹೊರಟುಹೋದನು.

ಇತರ ಸೌಕರ್ಯಗಳಿಲ್ಲದೆ ಇರಲಿಲ್ಲ. ವರ್ಷಕ್ಕೆ 30 ದಿನ ಸಂಬಳಸಹಿತ ರಜೆ, ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ, ಅವನ ಚಿಕಿತ್ಸೆಗೆ ಕಂಪನಿಯ ವಿಮೆ. ಹೆಂಡತಿ ಮಗಳ ವಿಮೆಯನ್ನು ದುಬೈಯಲ್ಲಿ ಅವನೇ ಕಟ್ಟಬೇಕಾಗಿತ್ತು. ಅಬುಧಾಬಿಯಲ್ಲಾದರೆ ಹೆಂಡತಿಯ ಮತ್ತು ಮೂವರು ಮಕ್ಕಳ ವಿಮೆಯೂ ಧಣಿಯ ಮೇಲೆಯೇ ಬೀಳುತ್ತದಂತೆ. ಕೆಲಸ ಕಳೆದುಕೊಂಡವರಿಗೆಂದು 2023ರಿಂದ ಒಂದು ವಿಮೆಯುಂಟು. ಮೂರು ತಿಂಗಳವರೆಗೆ ನೂರಕ್ಕೆ ಅರವತ್ತರಂತೆ ಕೊಡುತ್ತಾರೆ; ಯಾವುದರ ಅರವತ್ತು ಎಂದರೆ ಅಲ್ಲಿಯೂ ಮೂಲವೇತನದ್ದೇ. ಅದೂ ದೇಶದಲ್ಲಿದ್ದವರಿಗೆ ಮಾತ್ರ. ಕೆಲಸದ ಜೊತೆಗೆ ವೀಸಾವೂ, ಅವನ ವೀಸಾದ ಜೊತೆಗೆ ಹೆಂಡತಿ ಮಗಳ ವೀಸಾವೂ ಕಟ್ಟಿಕೊಂಡಿರುವುದರಿಂದ, ಕೆಲವು ದಿನಗಳ ಅವಕಾಶದಲ್ಲಿ ಬೇರೆ ಕೆಲಸ ಸಿಕ್ಕದೆ ಹೊರಟು ಬಂದವನಿಗೆ ಅದು ಒದಗಲಿಲ್ಲ. ನಿವೃತ್ತಿವೇತನವೆಂಬುದು ಅಲ್ಲಿಯ ಪ್ರಜೆಗಳಿಗೆ. ಹೊರಗಿನಿಂದ ಬಂದ ಇಂಜಿನಿಯರನಿಗೆ ಈ ಉಪದಾನವೇ ಮುಪ್ಪಿನ ಕಾಲದ ಗಂಟು. ಜರ್ಮನಿಯಲ್ಲಾದರೆ ಹೊರದೇಶದವನೂ ಅಲ್ಲಿಯವರಂತೆಯೇ ನಿವೃತ್ತಿ ನಿಧಿಗೆ ಕಟ್ಟುತ್ತಾನೆ, ಐದು ವರ್ಷ ಕಟ್ಟಿದವನಿಗೆ ವಯಸ್ಸಾದ ಮೇಲೆ ಪಡೆಯುವ ಹಕ್ಕು ಬರುತ್ತದೆ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ವ್ಯಾಕರಣ ಕಲಿತವನು ನಾನು. "ಮೂಲವೇತನ" ಎಂಬ ಪದವನ್ನು ತರಗತಿಯಲ್ಲಿ ಯಾವ ಹುಡುಗನಾದರೂ ಕೇಳಿದ್ದರೆ, ಕರ್ಮಧಾರಯ ಸಮಾಸವೆಂದು ವಿಗ್ರಹವಾಕ್ಯಸಹಿತ ಹೇಳುತ್ತಿದ್ದೆನು. ಅಷ್ಟೇ ಅಲ್ಲ, ಆ ಪದವು ನನ್ನ ಜೀವನಕ್ಕೂ ಹೊಸದಲ್ಲ. ನನಗೆ ತಿಂಗಳು ತಿಂಗಳು ಬರುವ ನಿವೃತ್ತಿವೇತನವೂ ಕೊನೆಯ ಮೂಲವೇತನದ ಅರ್ಧವೇ. ಅದರ ಮೇಲೆ ತುಟ್ಟಿಭತ್ಯೆಯನ್ನು ಸರಕಾರವು ಸಾಯುವವರೆಗೂ ಕೊಡುತ್ತದೆ, ಆದುದರಿಂದ ಆ ಪದದ ಹಲ್ಲು ನನಗೆ ತಾಗಿರಲಿಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಭೃತ್ಯರ ವೇತನಕ್ಕೆಂದೇ ಒಂದು ಪ್ರಕರಣವಿದೆ. ಕೆಲಸದಲ್ಲಿ ಮಡಿದವನ ಹೆಂಡತಿ ಮಕ್ಕಳಿಗೂ ವೇತನ ಸಲ್ಲಬೇಕೆಂದು ಅಲ್ಲಿ ವಿಧಿಸಿದೆ. ಅದನ್ನು ಮಿತ್ರರಿಗೆ ಎಷ್ಟೋ ಸಲ ಹೇಳಿ ಮೆಚ್ಚುಗೆ ಪಡೆದಿದ್ದೇನೆ. ಸ್ವಂತ ಮಗುವಿನ ಪತ್ರದಲ್ಲಿ ಒಂದು ಸಾಲನ್ನು ಓದದೆ ಹೋದೆನು.

ಹುಡುಗನು ಈಗ ಮಂಗಳೂರಿನಲ್ಲಿ ಕಡಿಮೆ ಸಂಬಳಕ್ಕೆ ಕೆಲಸದಲ್ಲಿದ್ದಾನೆ. ಸಾಲದ ಕಂತನ್ನು ಅಪ್ಪ ಮಗ ಹಂಚಿಕೊಂಡು ಕಟ್ಟುತ್ತಾರೆ. ತಿಂಗಳಿಗೆ ನನ್ನ ಪಾಲೂ ಸ್ವಲ್ಪ ಸೇರುತ್ತದೆ. ತಮ್ಮನು ಅದನ್ನು ಬೇಡವೆನ್ನುವುದೂ ಇಲ್ಲ, ಆ ವಿಷಯ ಎತ್ತುವುದೂ ಇಲ್ಲ.

ಹೋದ ತಿಂಗಳು ನೆರೆಮನೆಯ ಹುಡುಗನೊಬ್ಬನು ರಿಯಾದಿನ ಕರಾರುಪತ್ರವನ್ನು ಹಿಡಿದು ಬಂದನು. ನನ್ನ ತಮ್ಮನ ಮಗನೂ ಭಾನುವಾರವೆಂದು ಊರಿಗೆ ಬಂದಿದ್ದನು. ಇಬ್ಬರೂ ಸೇರಿ ಒಂದೊಂದೇ ಸಾಲು ಓದಿದೆವು. ಸೌದಿಯ ಕಾಯಿದೆಯಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ, ಆಮೇಲೆ ಪೂರ್ಣ ತಿಂಗಳ ವೇತನ. ಅಲ್ಲಿ ಹಿಡಿಯುವುದು ಭತ್ಯೆ ಸೇರಿದ ಕೊನೆಯ ವೇತನವನ್ನು. ನಮ್ಮ ಹುಡುಗನ ಹನ್ನೊಂದು ವರ್ಷಕ್ಕೆ ಅಲ್ಲಾದರೆ ಎಂಟೂವರೆ ತಿಂಗಳ 20,000 ಆಗುತ್ತಿತ್ತು. ಅವನು ಅದನ್ನು ಎಣಿಸಿ ನೋಡಿ ಸುಮ್ಮನಾದನು. ಆದರೆ ಅಲ್ಲಿ ಬೇರೊಂದು ಮುಳ್ಳುಂಟು: ತಾನಾಗಿ ರಾಜೀನಾಮೆ ಕೊಟ್ಟವನಿಗೆ ಎರಡು ವರ್ಷದೊಳಗೆ ಏನೂ ಇಲ್ಲ, ಐದರವರೆಗೆ ಮೂರರಲ್ಲೊಂದು ಪಾಲು, ಹತ್ತು ತುಂಬುವವರೆಗೆ ಎರಡು ಪಾಲು. ಕಂಪನಿಯನ್ನು ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಪತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದು ಕಳುಹಿಸಿದೆವು. ಹುಡುಗನ ತಾಯಿಗೆ ಇದು ಅಷ್ಟು ರುಚಿಸಲಿಲ್ಲ. ಹೊರಡುವವನಿಗೆ ಮಾಸ್ತರರು ಆಶೀರ್ವಾದ ಮಾಡುವುದನ್ನು ಬಿಟ್ಟು ಲೆಕ್ಕ ಹಾಕುತ್ತ ಕುಳಿತರೆಂದು ನನ್ನ ಹೆಂಡತಿಯ ಬಳಿ ಹೇಳಿದರಂತೆ. ಕಂಪನಿಯ ಉತ್ತರ ಇನ್ನೂ ಬಂದಿಲ್ಲ.