ಆಷಾಢದ ಕೇಣಿ

ಕಳೆದ ವರುಷವು ನಮ್ಮ ಮನೆಗೆ ಸುಖದ ವರುಷವಾಗಿರಲಿಲ್ಲ. ಮನೆಯ ಹಿರಿಯ ಜೀವವೊಂದು ಆರು ತಿಂಗಳು ಹಾಸಿಗೆ ಹಿಡಿದು, ಕೊನೆಗೆ ಮಾಘಮಾಸದಲ್ಲಿ ನಮ್ಮನ್ನಗಲಿತು. ಆ ಆರು ತಿಂಗಳೂ ಸಂಜೆಗೊಮ್ಮೆ ತಪ್ಪದೆ ದೇವರ ಮುಂದೆ ದೀಪ ಹಚ್ಚುತ್ತಿದ್ದ ನಮ್ಮ ಹನ್ನೊಂದು ವರುಷದ ಮಗಳು, ಉತ್ತರಕ್ರಿಯೆಗಳು ಮುಗಿದ ಮರುದಿನದಿಂದ ದೀಪ ಹಚ್ಚುವದನ್ನು ಬಿಟ್ಟುಬಿಟ್ಟಳು. ಕಾರಣ ಕೇಳಿದರೆ, “ದೇವರು ಒಳ್ಳೆಯವನೆಂದು ನೀವೇ ಹೇಳಿದ್ದಿರಿ, ಹಾಗಾದರೆ ಅಜ್ಜಿಯನ್ನು ಏಕೆ ಉಳಿಸಲಿಲ್ಲ?” ಎಂದಳು. ಪುರಾಣ ಪ್ರವಚನಗಳಲ್ಲಿ ಕೇಳಿದ ಉತ್ತರಗಳು ನಮ್ಮಲ್ಲಿ ಇಲ್ಲದೆ ಇರಲಿಲ್ಲ. ಆದರೆ ಆ ಮಗುವಿನ ಮುಖವನ್ನು ನೋಡಿ ಅವುಗಳನ್ನು ಹೇಳಲು ನಮಗೆ ನಾಲಗೆ ಏಳಲಿಲ್ಲ.

ಆಷಾಢದಲ್ಲಿ ಕಾರ್ಯನಿಮಿತ್ತವಾಗಿ ಅಂಕೋಲೆಗೆ ಹೋಗಬೇಕಾಯಿತು. ಹುಡುಗಿಯ ಮನಸ್ಸಿಗೂ ಸ್ಥಳ ಬದಲಾದೀತೆಂದು ಅವಳನ್ನೂ ಕರೆದುಕೊಂಡು ಹೋದೆವು. ಕೆಲಸ ಮುಗಿದ ಮೇಲೆ, ಮಳೆಯು ಸ್ವಲ್ಪ ಹೊಳವಾದುದನ್ನು ಕಂಡು, ಕಡಲನ್ನು ನೋಡಲೆಂದು ಕೇಣಿಗೆ ಹೊರಟೆವು. ವಾಚಕರಲ್ಲಿ ಬಹು ಜನರು ಕಾರವಾರದ ಕಡಲನ್ನೂ ಗೋಕರ್ಣದ ಕಡಲನ್ನೂ ಕಂಡಿರಬಹುದು. ಅವೆರಡರ ನಡುವೆ ಇರುವ ಕೇಣಿಯನ್ನು ಕಂಡವರು ಕಡಿಮೆ. ಅಂಕೋಲೆಯ ಪೇಟೆಯಿಂದ ಪಡುವಣಕ್ಕೆ ಸ್ವಲ್ಪ ದೂರ ನಡೆದರೆ ಗದ್ದೆಗಳೂ ತೆಂಗಿನ ಹಿತ್ತಿಲುಗಳೂ ಮುಗಿದು, ಉಸುಕಿನ ಮೇಲೆ ಕಟ್ಟಿದ ಮೀನುಗಾರರ ಮನೆಗಳು ಸಿಕ್ಕುತ್ತವೆ. ಅವುಗಳ ಆಚೆಗೆ ಸಮುದ್ರ. ಬೆನ್ನ ಹಿಂದೆ ತಿರುಗಿ ನೋಡಿದರೆ ಮೋಡದಲ್ಲಿ ಅರ್ಧ ಮುಚ್ಚಿಹೋದ ಸಹ್ಯಾದ್ರಿ. ಮಲೆಗೂ ಕಡಲಿಗೂ ನಡುವೆ ಇಷ್ಟು ಕಿರಿದಾದ ನೆಲದಲ್ಲಿ ಜನರು ಬಾಳನ್ನು ಕಟ್ಟಿಕೊಂಡಿರುವದನ್ನು ನೋಡಿದಾಗ, ಎರಡೂ ಕಡೆಯ ದಯೆಯಿಂದಲೇ ಇವರು ಬದುಕಿದ್ದಾರೆಂದು ತೋರುತ್ತದೆ.

ಆಷಾಢದ ಕಡಲು ಬೇಸಿಗೆಯಲ್ಲಿ ಚಿತ್ರಪಟಗಳಲ್ಲಿ ಕಾಣುವ ನೀಲಿಯ ಕಡಲಲ್ಲ. ಅದರ ಬಣ್ಣ ಕೆಂಪು ಬೆರೆತ ಬೂದಿ. ಅದರ ಸದ್ದು ಮನೆಯೊಳಗೆ ಕುಳಿತು ಆಡಿದ ಮಾತನ್ನೂ ಮುಚ್ಚುವಂಥದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31 ರ ವರೆಗೆ, ಒಟ್ಟು 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯಕೂಡದೆಂದು ಸರಕಾರದ ಕಟ್ಟಳೆಯಿರುವದು. ಮೀನುಗಳು ಮರಿಮಾಡುವ ಕಾಲವಿದು; ಕಡಲು ಕೆರಳಿರುವ ಕಾಲವೂ ಇದೇ. ಆದ್ದರಿಂದ ದೋಣಿಗಳೆಲ್ಲ ದಡದ ಮೇಲೆ ತೆಂಗಿನ ಗರಿಗಳ ಹೊದಿಕೆಯೊಳಗೆ ಮಲಗಿದ್ದವು. ಎರಡು ತಿಂಗಳು ದುಡಿಮೆಯಿಲ್ಲ. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು, ಕೂಡಿಟ್ಟ ನಾಲ್ಕು ಕಾಸು, ಅಂಗಡಿಯವನ ಕಡ ಇವುಗಳ ಮೇಲೆಯೇ ಒಲೆ ಉರಿಯಬೇಕು.

ಒಂದು ಮನೆಯ ಜಗಲಿಯ ಮೇಲೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಕಾಲು ಚಾಚಿ ಕುಳಿತು ಬಲೆಯನ್ನು ಸರಿಪಡಿಸುತ್ತಿದ್ದಳು. ಮಳೆಯು ಮತ್ತೆ ಹಿಡಿದುದರಿಂದ ನಾವು ಅವಳ ಜಗಲಿಯನ್ನೇ ಆಶ್ರಯಿಸಿದೆವು. ಹುಡುಗಿಯು ನೆನೆದುದನ್ನು ಕಂಡು ಅವಳು ಒಳಗಿನಿಂದ ಒಣ ಪಂಜೆಯೊಂದನ್ನು ತರಿಸಿ ತಲೆ ಒರೆಸಲು ಕೊಟ್ಟಳು. ಬೆಲ್ಲದ ಚಹವೂ ಬಂದಿತು. ನಾವು ಯಾರು, ಎಲ್ಲಿಯವರು ಎಂದು ಕೇಳಿದ್ದು ಚಹ ಕುಡಿದಾದ ಮೇಲೆ. ಮಾತಿಗೆ ಮಾತು ಬೆಳೆದು, ಇಪ್ಪತ್ತು ವರುಷಗಳ ಹಿಂದೆ ಅವಳ ಹಿರಿಯ ಮಗನು ಕಡಲಿಗೆ ಹೋದವನು ಹಿಂದಿರುಗಲಿಲ್ಲವೆಂಬುದು ತಿಳಿಯಿತು. ಈಗ ಅದೇ ಕಡಲಿಗೆ ಕಿರಿಯ ಮಗನೂ ಮೊಮ್ಮಗನೂ ಹೋಗುತ್ತಾರೆ.

ನಮ್ಮ ಮಗಳು ತಟ್ಟನೆ, “ಅಜ್ಜೀ, ನಿಮಗೆ ದೇವರ ಮೇಲೆ ಸಿಟ್ಟು ಬರಲಿಲ್ಲವೇ?” ಎಂದು ಕೇಳಿಬಿಟ್ಟಳು. ನಾವು ನಾಚಿದೆವು. ಆದರೆ ಮುದುಕಿಯು ನಾಚಲೂ ಇಲ್ಲ, ಬೇಸರಪಡಲೂ ಇಲ್ಲ.

“ಬಂತು ಮಗಾ, ಬರದೆ ಇರ್ತದ್ಯಾ? ಮೂರು ವರ್ಷ ನಾ ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಡ್ಲಿಲ್ಲ” ಎಂದಳು.

“ಮತ್ತೆ?”

“ಆ ಮೂರು ವರ್ಷವೂ ಕೇರಿಯವ್ರು ನಮ್ಮನೆ ಪಾಲು ಕೊಡುದು ಬಿಡ್ಲಿಲ್ಲ. ದೋಣಿ ಬಂತು ಅಂದ್ರೆ ನಮ್ಮನೆ ಬಾಗ್ಲಲ್ಲಿ ಬುಟ್ಟಿ ಇರ್ತಿತ್ತು. ಯಾರು ಇಟ್ರು ಅಂದೇಳಿ ಹೇಳ್ತಿರ್ಲಿಲ್ಲ. ದೇವ್ರು ನನ್ನ ಬಿಟ್ಟ ಅಂದೇಳಿ ನಾ ಹೇಳ್ತಿದ್ದೆ, ಬುಟ್ಟಿ ಮಾತ್ರ ಬತ್ತಾನೇ ಇತ್ತು. ನಾಲ್ಕನೇ ವರ್ಷ ಕಾಯಿ ಬಿಟ್ಟೆ.”

ಇಷ್ಟು ಹೇಳಿ ಅವಳು ಮತ್ತೆ ಬಲೆಯ ಕಣ್ಣಿಗೆ ನೂಲು ಪೋಣಿಸತೊಡಗಿದಳು.

ಆ ಪಾಲಿನ ಮಾತು ನಮಗೆ ಈ ಕರಾವಳಿಯ ಹಳೆಯ ಪದ್ಧತಿಯನ್ನು ನೆನಪಿಗೆ ತಂದಿತು. 1970ರ ದಶಕದ ಕೊನೆಯಲ್ಲಿ ದೊಡ್ಡ ಯಂತ್ರದೋಣಿಗಳ ಬಲೆಗಳು ಬಂದು ಆವರಿಸುವ ತನಕ ಇಲ್ಲಿಯ ದಡಗಳಲ್ಲಿ ರಂಪಣಿಯೆಂಬ ಬಲು ಉದ್ದದ ಬಲೆಯದೇ ರಾಜ್ಯವಾಗಿತ್ತು. ದೋಣಿಯಲ್ಲಿ ಹೋಗಿ ಅದನ್ನು ಅರ್ಧಚಂದ್ರಾಕಾರವಾಗಿ ಬಿಟ್ಟುಬಂದು, ಎರಡೂ ತುದಿಗಳ ಹಗ್ಗಗಳನ್ನು ದಡದಿಂದ ಹತ್ತಾರು ಜನರು ಕೂಡಿ ಎಳೆಯುತ್ತಿದ್ದರು. ಒಬ್ಬ ಸಿರಿವಂತನು ಒಬ್ಬನೇ ಎಳೆಯಬಹುದಾದ ಬಲೆ ಅದಲ್ಲ. ಬಂಗಡೆ, ತಾರಲೆಗಳ ರಾಶಿ ದಡಕ್ಕೆ ಬಿದ್ದ ಮೇಲೆ ದೋಣಿಗೆ ಇಷ್ಟು, ಬಲೆಗೆ ಇಷ್ಟು, ಹಗ್ಗಕ್ಕೆ ಕೈಹಚ್ಚಿದವರಿಗೆ ಇಷ್ಟು ಎಂದು ಪಾಲಾಗುತ್ತಿತ್ತು. ಬಲೆಗಳು ಬದಲಾದರೂ ಪಾಲಿನ ಆ ಬುದ್ಧಿಯು ಮುದುಕಿಯ ಬಾಗಿಲಿನಲ್ಲಿ ಬುಟ್ಟಿಯಾಗಿ ಉಳಿದಿತ್ತು.

ಅಂಕೋಲೆಯ ನೆಲಕ್ಕೆ ಕಷ್ಟವು ಹೊಸದಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹವು ನಡೆಯಿತು. ಅದರ ಬೆನ್ನಿಗೇ ಕರನಿರಾಕರಣೆಯ ಚಳವಳಿ. ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳ ಒಕ್ಕಲು ಮಕ್ಕಳು ಕಂದಾಯ ಕೊಡೆವೆಂದು ನಿಂತಾಗ, ಆಗಿನ ಸರಕಾರವು ಅವರ ಗದ್ದೆಗಳನ್ನೂ ದನಗಳನ್ನೂ ಪಾತ್ರೆಪಡಗಗಳನ್ನೂ ಜಪ್ತಿಮಾಡಿತು. 1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿಯಾದ ಸೊತ್ತನ್ನು ಕೊಂಡವರ ಮನೆಯ ಮುಂದೆ ಹೆಂಗಸರು ಅನ್ನ ಬಿಟ್ಟು ಕುಳಿತರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಅಧಿಕಾರಕ್ಕೆ ಬಂದ ತರುವಾಯವೇ ಭೂಮಿಗಳು ಮರಳಿ ಕೈಸೇರಿದವು. ನಡುವಣ ಆ ವರುಷಗಳಲ್ಲಿ ಉಳುವ ನೆಲವಿಲ್ಲದ ಸಂಸಾರಗಳು ಹೇಗೆ ಬದುಕಿದವು? ಹಿರಿಯರ ಬಾಯಿಂದ ನಾವು ಕೇಳಿದ ಉತ್ತರ ಒಂದೇ: ಇದ್ದವರು ಇಲ್ಲದವರಿಗೆ ಅಳೆದು ಕೊಟ್ಟರು. ದೇವರು ತಮ್ಮ ಕೈಬಿಡನೆಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಸುಳ್ಳಾಗಗೊಡಬಾರದೆಂದು ನೆರೆಮನೆಯವರೂ ಎಣಿಸಿದ್ದರು.

ಇಷ್ಟನ್ನು ಹೇಳಿ ಮುಗಿಸಿದರೆ ನಾವು ವಾಚಕರಿಗೆ ಅರ್ಧವನ್ನು ಮಾತ್ರ ಹೇಳಿದಂತಾದೀತು. ಇದೇ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರ ಬೆಳಗ್ಗೆ ಹೆದ್ದಾರಿಯ ಪಕ್ಕದ ಗುಡ್ಡವು ಕುಸಿದು ಗಂಗಾವಳಿ ನದಿಗೆ ಬಿದ್ದಿತು. ಚಹದಂಗಡಿಯೊಂದು ಮಣ್ಣುಪಾಲಾಯಿತು, ಮಣ್ಣಿನ ಹೊಡೆತಕ್ಕೆ ಉಕ್ಕಿದ ಹೊಳೆಯ ನೀರು ಎದುರು ದಂಡೆಯ ಉಳುವರೆಯ ಮನೆಗಳಿಗೂ ನುಗ್ಗಿತು. 11 ಜೀವಗಳು ಹೋದವು. ಹೊಳೆಯಲ್ಲಿ ಹುಡುಕಾಟವು ಸಪ್ಟೆಂಬರದ ವರೆಗೂ ನಡೆಯಿತು. ಆ ಮನೆಗಳ ಮುಂದೆ ನಿಂತು, “ಎಲ್ಲವೂ ಒಳ್ಳೆಯದಕ್ಕೇ” ಎಂದು ಹೇಳುವ ಧೈರ್ಯ ಯಾರಿಗಿದೆ? ನಮಗಂತೂ ಇಲ್ಲ. ಅದನ್ನು ದೇವರ ಕೋಪವೆಂದು ಕರೆಯಲೂ ನಾವು ಒಪ್ಪೆವು. ಸುರಿದ ಮಳೆ ಆಕಾಶದ್ದು. ರಸ್ತೆಗಾಗಿ ಗುಡ್ಡದ ಬುಡವನ್ನು ಕಡಿದವರು ಮನುಷ್ಯರು. ಮನುಷ್ಯನ ತಪ್ಪನ್ನು ದೇವರ ಲೆಕ್ಕಕ್ಕೆ ಬರೆಯುವದು ಭಕ್ತಿಯಲ್ಲ.

ಹಾಗಾದರೆ ದೇವರ ಒಳ್ಳೆಯತನವನ್ನು ಎಲ್ಲಿ ಕಾಣಬೇಕು? ಈ ಪ್ರಶ್ನೆಯೊಡನೆ ಇದೇ ಕಡಲಿನ ದಂಡೆಯಲ್ಲಿ ಹಿಂದೆ ಒಬ್ಬ ತರುಣ ಕವಿಯೂ ಕುಳಿತಿದ್ದನು. ಅಂಕೋಲೆಯ ಬಡಗಣಕ್ಕಿರುವ ಕಾರವಾರದಲ್ಲಿ ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದರು. ಇಪ್ಪತ್ತು ದಾಟಿದ ಹೊಸತರಲ್ಲಿ ರವೀಂದ್ರರು ಅವರಲ್ಲಿಗೆ ಬಂದು ತಂಗಿ, ಅಲ್ಲಿ ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು, ಅದು 1884ರಲ್ಲಿ ಅಚ್ಚಾಯಿತು. ಲೋಕದ ಬಂಧನವನ್ನೆಲ್ಲ ಹರಿದುಕೊಂಡು ಅನಂತವನ್ನು ಹುಡುಕುತ್ತಿದ್ದ ಸನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳ ಮಮತೆಯು ಹಿಡಿದು ನಿಲ್ಲಿಸುತ್ತದೆ. ಅವನು ಅವಳನ್ನು ಬಿಟ್ಟು ಓಡಿಹೋಗುತ್ತಾನೆ. ಮನಸ್ಸು ತಿರುಗಿ ಬರುವಷ್ಟರಲ್ಲಿ ಅವಳು ತೀರಿಕೊಂಡಿರುತ್ತಾಳೆ. ಅನಂತನಾದ ಪರಮಾತ್ಮನು ಸಿಕ್ಕುವದು ಸಣ್ಣವರ ಸಣ್ಣ ಪ್ರೀತಿಯಲ್ಲಿಯೇ ಎಂಬ ಸಂಗತಿ ಸನ್ಯಾಸಿಗೆ ತಡವಾಗಿ ತಿಳಿಯಿತು. ಕೇಣಿಯ ಮುದುಕಿಗೆ ಅದನ್ನು ಮೀನಿನ ಬುಟ್ಟಿಯು ತಿಳಿಸಿತ್ತು.

ಮಳೆಯು ನಿಂತಿರಲಿಲ್ಲ. ಮಾತು ಕೇಣಿಯ ಮುಂದಿನ ದಿನಗಳ ಕಡೆಗೆ ಹೊರಳಿತು. ಇಲ್ಲಿ ದೊಡ್ಡ ಹಡಗುಗಳು ನಿಲ್ಲುವ ಬಂದರನ್ನು ಕಟ್ಟಲು ಖಾಸಗಿ ಕಂಪನಿಯೊಂದಕ್ಕೆ 2023ರಲ್ಲಿ ಒಪ್ಪಿಗೆ ದೊರೆತಿರುವದು. ಬಂದರಿನಿಂದ ಉದ್ಯೋಗ ಬಂದೀತೆನ್ನುವವರು ಕೆಲವರು; ದಡವು ಹೋದರೆ ದೋಣಿಯನ್ನು ಎಲ್ಲಿ ಎಳೆಯುವದೆಂದು ಅಂಜುವವರು ಬಹಳ ಜನ. ಕಾರವಾರದ ನೌಕಾನೆಲೆಗಾಗಿ ಹಿಂದೆ ಎಷ್ಟೋ ಕುಟುಂಬಗಳು ಊರು ಬಿಟ್ಟುದನ್ನು ಕಂಡವರಿಗೆ ಈ ಅಂಜಿಕೆಯು ಸಹಜವೇ. 2025ರಲ್ಲಿ ಮೀನುಗಾರರು, ಅವರಲ್ಲಿಯೂ ಹೆಂಗಸರು, ದಂಡೆಗಿಳಿದು ವಿರೋಧವನ್ನು ತೋರಿಸಿದರು. ನಮ್ಮ ಮುದುಕಿಯೂ ಹೋಗಿದ್ದಳಂತೆ.

“ದೇವರ ಮೇಲೆ ಭಾರ ಹಾಕಿದ ಮೇಲೆ ಇದೆಲ್ಲ ಏಕೆ, ಅಮ್ಮಾ?” ಎಂದು ನಾವು ಪರೀಕ್ಷೆಗೆಂಬಂತೆ ಕೇಳಿದೆವು.

ಅವಳು ಕೈಯಲ್ಲಿದ್ದ ಬಲೆಯನ್ನು ಎತ್ತಿ ತೋರಿಸಿದಳು. “ದೇವ್ರು ಮೀನು ಕೊಡ್ತಾನೆ ಅಂದೇಳಿ ನಂಬಿದ್ದಕ್ಕೇ ಅಲ್ವಾ ಇದನ್ನ ಹೊಲಿತಾ ಇರುದು? ನಂಬದೆ ಇದ್ರೆ ಹರಕು ಬಲೆ ಯಾರು ಹೊಲಿತ್ರು?”

ನಾವು ಬೇರೆ ಏನೂ ಕೇಳಲಿಲ್ಲ. ಇಷ್ಟು ದಿನ ನಾವು ನಂಬಿಕೆಯೆಂದರೆ ಕೇಳಿದ್ದು ಕೈಗೂಡುವದೆಂಬ ಭರವಸೆಯೆಂದು ತಿಳಿದಿದ್ದೆವು. ಮಗಳಿಗೂ ಅದನ್ನೇ ಕಲಿಸಿದ್ದೆವು. ಆದುದರಿಂದಲೇ ಕೇಳಿದ್ದು ಕೈಗೂಡದಾಗ ಅವಳ ದೀಪವು ಆರಿತು. ತಪ್ಪು ಮಗುವಿನದಲ್ಲ, ನಮ್ಮದು. ಈ ಮುದುಕಿಯು ದೇವರಿಂದ ಮಗನನ್ನು ಮರಳಿ ಪಡೆಯಲಿಲ್ಲ. ಬಂದರಿನ ವಿಷಯದಲ್ಲಿ ಏನಾಗುವದೋ ಅವಳಿಗೆ ಗೊತ್ತಿಲ್ಲ. ಆದರೂ ಆಷಾಢದ ನಡುವಿನಲ್ಲಿ ಶ್ರಾವಣದ ಬಲೆಯನ್ನು ಹೊಲಿಯುತ್ತಾಳೆ. ಅನ್ಯಾಯವೆಂದು ತೋರಿದಲ್ಲಿ ಎದ್ದು ನಿಲ್ಲುತ್ತಾಳೆ. ನೆನೆದು ಬಂದ ಅಪರಿಚಿತರಿಗೆ ಪಂಜೆ ಕೊಡುತ್ತಾಳೆ. ಕಷ್ಟಕಾಲದಲ್ಲಿ ದೇವರ ಒಳ್ಳೆಯತನವನ್ನು ನಂಬುವದೆಂದರೆ ಇದಕ್ಕಿಂತ ಹೆಚ್ಚಿನದೇನಾದರೂ ಇದ್ದರೆ ಅದು ಸಂಸಾರಿಗರಾದ ನಮ್ಮ ಅಳವಿಗೆ ಮೀರಿದುದು.

ನಾವು ಮಾತಾಡುತ್ತಿರುವಾಗ ಮಗಳು ಮುದುಕಿಯ ಬಳಿಗೆ ಸರಿದು, ಅವಳಿಗೆ ನೂಲಿನ ಉಂಡೆಯನ್ನು ಬಿಡಿಸಿಕೊಡತೊಡಗಿದ್ದಳು. ಮಳೆಯು ನಿಂತಾಗ ಸಂಜೆಯಾಗಿತ್ತು. ಹೊರಡುವಾಗ ಮುದುಕಿಯು ಅವಳ ತಲೆ ಸವರಿ, “ನಿನ್ನಜ್ಜಿ ನಿಂಗೆ ಏನ್ ಕಲಿಸಿದ್ಲು?” ಎಂದು ಕೇಳಿದಳು. “ಬತ್ತಿ ಹೊಸೆಯಲು” ಎಂದು ಹುಡುಗಿ ಹೇಳಿದಳು. “ಹಂಗಾರೆ ಅದನ್ನ ಮರಿಬೇಡ” ಎಂದಳು ಮುದುಕಿ.

ಮನೆಗೆ ಬಂದ ದಿನ ಮಗಳು ದೀಪ ಹಚ್ಚಲಿಲ್ಲ, ನಾವೂ ಹೇಳಲಿಲ್ಲ. ಕೆಲವು ದಿನಗಳು ಕಳೆದವು. ಆಗಸ್ಟ್ 1ರ ಸಂಜೆ ಅವಳು ಹತ್ತಿಯನ್ನು ಹುಡುಕುತ್ತಿದ್ದುದನ್ನು ಕಂಡು ಏಕೆಂದು ಕೇಳಿದೆವು. “ಇಂದು ಕೇಣಿಯ ಅಜ್ಜಿಯ ಮನೆಯವರು ಕಡಲಿಗೆ ಹೋಗಿರುತ್ತಾರಲ್ಲ” ಎಂದಳು. ಕುಳಿತು ಎರಡು ಬತ್ತಿ ಹೊಸೆದು ದೀಪ ಹಚ್ಚಿದಳು. ದೇವರ ಮುಂದೆ ಏನು ಕೇಳಿಕೊಂಡಳೋ ನಾವು ವಿಚಾರಿಸಲಿಲ್ಲ. ಅವಳ ಮಗ್ಗುಲಲ್ಲಿ ನಾವೂ ಕೈಮುಗಿದು ನಿಂತೆವು.