ಗೋಡೆ ದಾಟಿದರೆ ಔಟು

ದೀಪಾವಳಿ ಕಳೆದ ಮೊದಲ ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಶಾಸನಸಭೆ ಸೇರಿತ್ತು. ಸದಸ್ಯರು ಹನ್ನೊಂದು ಮಂದಿ. ಅಧ್ಯಕ್ಷಪೀಠದಲ್ಲಿ, ಎಂದರೆ ನನ್ನ ಆರಾಮಕುರ್ಚಿಯಲ್ಲಿ, ನನ್ನ ಮೊಮ್ಮಗ. ಸಭೆಯ ಮುಂದಿದ್ದ ಮಸೂದೆ ಒಂದೇ: ಎಡ್ಡಿಯನ್ನು ಬಹಿಷ್ಕರಿಸಬೇಕೆ, ಬೇಡವೆ?

ಎಡ್ಡಿ ಎಂಬವನು ನಮ್ಮ ಕೋರಮಂಡಲ್ಲಿನ ಯಾವನೋ ಪುಂಡನಿರಬೇಕೆಂದು ನಾನು ಮೊದಲು ಭಾವಿಸಿದೆ. ಕೋಲಾರದ ಚಿನ್ನದ ಗಣಿಯ ಊರುಗಳಲ್ಲಿ ಒಂದು ಕಾಲಕ್ಕೆ ಆಂಗ್ಲೋ-ಇಂಡಿಯನ್ ಮನೆತನಗಳು ಬಹಳ ಇದ್ದವು, ಎಡ್ಡಿಗಳಿಗೆ ಬರವಿರಲಿಲ್ಲ. ಆದರೆ ಈ ಎಡ್ಡಿ ಬ್ರೆಜಿಲ್ ದೇಶದವನು, ಅದೂ ಟೆಲಿವಿಷನ್ನಿನ ಪರದೆಯೊಳಗೆ ಮಾತ್ರ ಬದುಕಿರುವವನು ಎಂದು ಆಮೇಲೆ ತಿಳಿಯಿತು. 'ಟೆಕ್ಕನ್ 3' ಎಂಬ ವಿಡಿಯೋ ಆಟದಲ್ಲಿ ಅವನೊಬ್ಬ ಜಟ್ಟಿ. 1997ರಲ್ಲಿ ಬಂದ ಆಟ. ಅದನ್ನು ಆಡುತ್ತಿದ್ದ ಹುಡುಗರಲ್ಲಿ ಅನೇಕರು ಆಗ ಹುಟ್ಟಿಯೇ ಇರಲಿಲ್ಲ. ವಾರವೆಲ್ಲ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಹೋಗುವ ಈ ತರುಣರು ಭಾನುವಾರ ಮಾತ್ರ ನಮ್ಮ ಪಡಸಾಲೆಯಲ್ಲಿ ಸೇರಿ ಟೂರ್ನಮೆಂಟು ನಡೆಸುತ್ತಾರೆ. ತಲೆಗೆ 20 ರೂಪಾಯಿ ಚಂದಾ, ಗೆದ್ದವನಿಗೆ ಬಿರಿಯಾನಿ.

ಆಟದ ಮರ್ಮವನ್ನು ಮೊಮ್ಮಗ ನನಗೆ ವಿವರಿಸಿದ. ಪರದೆಯಲ್ಲಿ ಇಬ್ಬರು ಜಟ್ಟಿಗಳು. ಒಬ್ಬೊಬ್ಬನಿಗೂ ಒಂದೊಂದು ವರಸೆ. ಜಾಯ್‌ಸ್ಟಿಕ್ಕಿನ ಗುಂಡಿಗಳನ್ನು ಯಾವ ಕ್ರಮದಲ್ಲಿ ಒತ್ತಿದರೆ ಯಾವ ಪೆಟ್ಟು ಬೀಳುತ್ತದೆಂದು ಕಲಿಯಲು ತಿಂಗಳುಗಟ್ಟಲೆ ಬೇಕು. ಎಡ್ಡಿಗೆ ಮಾತ್ರ ಈ ತಪಸ್ಸು ಬೇಡ. ಅವನ ವಿದ್ಯೆ ಕಪೊಯೆರಾ. ಬ್ರೆಜಿಲಿಗೆ ಗುಲಾಮರಾಗಿ ಬಂದ ಆಫ್ರಿಕದವರು ಬೆಳೆಸಿದ, ಕುಣಿತದಂತೆಯೇ ಕಾಣುವ ಕಾಳಗ. ಒದೆಯುವ ಎರಡು ಗುಂಡಿಗಳನ್ನು ಕಣ್ಣುಮುಚ್ಚಿ ಒತ್ತುತ್ತಿದ್ದರೆ ಸಾಕು, ಅವನು ಬುಗುರಿಯಂತೆ ಸುತ್ತುತ್ತ ಮೇಲೊಮ್ಮೆ ಕೆಳಗೊಮ್ಮೆ ಕಾಲು ಬೀಸುತ್ತಾನೆ. ಎದುರಾಳಿಗೆ ತಲೆ ಕಾಯಬೇಕೋ ಕಾಲು ಕಾಯಬೇಕೋ ತಿಳಿಯುವುದಿಲ್ಲ.

"ಅದು ಆಟವೇ ಅಲ್ಲ ತಾತ, ಗುಂಡಿ ಕುಟ್ಟೋದು," ಎಂದ ಮೊಮ್ಮಗ.

"ಹಾಗೆ ಕುಟ್ಟಿ ಗೆದ್ದವರು ಯಾರು?"

ಎಲ್ಲರ ಕಣ್ಣೂ ಬಾಗಿಲ ಕಡೆಗೆ ಹೋಯಿತು. ಹೊಸ್ತಿಲ ಬಳಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಅಂಗಿಯ ಕಾಲರು ಕಚ್ಚಿಕೊಂಡು ಕುಳಿತಿದ್ದ. ಎದುರಿನ ಲೈನುಮನೆಯವನು. ಅವನ ಮನೆಯಲ್ಲಿ ಆಟದ ಯಂತ್ರವಿಲ್ಲ. ಅಭ್ಯಾಸಕ್ಕೆ ಅವನಿಗೆ ಸಿಕ್ಕುವುದು ಭಾನುವಾರದ ಕೆಲವು ನಿಮಿಷಗಳು ಮಾತ್ರ. ಎರಡು ವಾರಗಳಿಂದ ಬಿರಿಯಾನಿ ಅವನ ಪಾಲಾಗುತ್ತಿತ್ತು. ಅಧ್ಯಕ್ಷರೂ ಅವನ ಕೈಯಲ್ಲಿ ಎರಡು ಸಲ ಮಣ್ಣು ಮುಕ್ಕಿದ್ದರೆಂಬುದು ನನಗೆ ಆಮೇಲೆ ಗೊತ್ತಾಯಿತು.

ಇಂತಹ ಶಾಸನಗಳು ಇಂದಿನವಲ್ಲ. 1771ರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ವೈಟ್ ಎಂಬಾತ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಆಡಲು ಬಂದನಂತೆ. ಬೌಲರಿಗೆ ವಿಕೆಟ್ಟೇ ಕಾಣದಿದ್ದ ಮೇಲೆ ಆಟವೇನು ಬಂತು? 1774ರ ನಿಯಮಗಳಲ್ಲಿ ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲವೆಂದು ಗೊತ್ತುಮಾಡಿದರು. ಇಂದಿಗೂ ಅದೇ ಅಳತೆ. ವಿಡಿಯೋ ಆಟಗಳ ಲೋಕದಲ್ಲೂ ಹಾಗೆಯೇ. 1994ರ 'ಸ್ಟ್ರೀಟ್ ಫೈಟರ್' ಆಟವೊಂದರಲ್ಲಿ ಅಕುಮಾ ಎಂಬ ಗುಪ್ತ ಜಟ್ಟಿಯಿದ್ದಾನೆ. ಅವನು ಆಕಾಶದಲ್ಲಿ ನೆಗೆದು ಬೆಂಕಿಯುಂಡೆ ಎಸೆದರೆ ತಡೆಯುವವರಿಲ್ಲ. ಅಮೆರಿಕದ ಪಂದ್ಯಾವಳಿಗಳಲ್ಲಿ ಅವನಿಗೆ ಬಹಿಷ್ಕಾರ ಹಾಕಿದರು. ಜಪಾನಿನಲ್ಲಿ ಆಟಗಾರರು ನಿಯಮಕ್ಕೆ ಕಾಯದೆ ತಾವಾಗಿಯೇ ಅವನನ್ನು ಮುಟ್ಟದಿದ್ದರು.

ಈ ಬಹಿಷ್ಕಾರಗಳು ನ್ಯಾಯವೆಂದೇ ನನ್ನ ಮನಸ್ಸು ಒಪ್ಪುತ್ತದೆ. ವೈಟನ ಬ್ಯಾಟಿಗೆ ಒಪ್ಪಿಗೆ ಕೊಟ್ಟಿದ್ದರೆ ಮರುದಿನ ಎಲ್ಲರೂ ಮನೆಯ ಬಾಗಿಲು ಕಿತ್ತುಕೊಂಡು ಬರುತ್ತಿದ್ದರು. ಅಕುಮಾನನ್ನು ಬಿಟ್ಟರೆ ಬೇರೆ ಜಟ್ಟಿಗಳಿಗೆ ಕೆಲಸವೇ ಇರುವುದಿಲ್ಲ. ಯಾವ ಉಪಾಯ ಕೈಗೆ ಬಂದೊಡನೆ ಉಳಿದ ಉಪಾಯಗಳೆಲ್ಲ ಸತ್ತುಹೋಗುತ್ತವೆಯೋ ಅದನ್ನು ಹೊರಗಿಡುವುದೇ ಆಟಕ್ಕೆ ಕ್ಷೇಮ. ಇಷ್ಟನ್ನು ಹೇಳಿ, ಮಸೂದೆಗೆ ನನ್ನ ಹಿರಿಯ ಮತವನ್ನೂ ಕೊಟ್ಟು, ಕಾಫಿಗೆ ಒಳಗೆ ಹೋಗುವವನಿದ್ದೆ. ಆದರೆ ಆ ಹುಡುಗ ಕಾಲರು ಕಚ್ಚುತ್ತಿದ್ದ ರೀತಿ ನನ್ನನ್ನು ತಡೆಯಿತು. ಆ ಮುಖವನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ.

1969ರ ಮಾತು. ನನ್ನ ತಂದೆ ಗಣಿಯ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಸಾಲಿನ ಮನೆಗಳಿಗೂ ಕೂಲಿಕಾರರ ಲೈನುಗಳಿಗೂ ನಡುವೆ ಒಂದು ಕೆಂಪು ಬಯಲಿತ್ತು. ದೂರದಲ್ಲಿ ಸೈನೈಡ್ ಮಣ್ಣಿನ ಬೂದುಬಣ್ಣದ ದಿಬ್ಬಗಳು. ಬೇಸಗೆಯ ಗಾಳಿ ಎದ್ದರೆ ಆ ಧೂಳು ನಮ್ಮ ವಿಕೆಟ್ಟಿನವರೆಗೂ ಬರುತ್ತಿತ್ತು. ವಿಕೆಟ್ಟೆಂದರೆ ಮೂರು ಕಲ್ಲು. ಚೆಂಡು ಟೆನ್ನಿಸಿನದು, ಕೂದಲು ಉದುರಿದ್ದು. ಬ್ಯಾಟು ಮಾಡುವವನು ತಮಿಳಿನಲ್ಲಿ ಬೈದರೆ ನಾನು ಕನ್ನಡದಲ್ಲಿ ಉತ್ತರ ಹೇಳುತ್ತಿದ್ದೆ; ಅಂಪೈರು ತೆಲುಗಿನವನಾದ್ದರಿಂದ ತೀರ್ಪು ಯಾರಿಗೂ ಸಮಾಧಾನ ತರುತ್ತಿರಲಿಲ್ಲ.

ಲೈನುಗಳ ಕಡೆಯಿಂದ ಬರುತ್ತಿದ್ದವರಲ್ಲಿ ನನ್ನ ವಯಸ್ಸಿನವನೇ ಒಬ್ಬನಿದ್ದ. ತಂದೆ ಭೂಮಿಯೊಳಗೆ ಇಳಿದು ದುಡಿಯುವವನು. ಓದಿನಲ್ಲಿ ಹಿಂದೆ, ಓಟದಲ್ಲಿ ಹಿಂದೆ, ಬೌಲಿಂಗಂತೂ ಬರುತ್ತಲೇ ಇರಲಿಲ್ಲ. ಅವನಿಗೆ ಬರುತ್ತಿದ್ದುದು ಒಂದೇ: ಕಾಲಿನ ಕಡೆಗೆ ಬಿದ್ದ ಚೆಂಡನ್ನು ಎತ್ತಿ ನಮ್ಮ ಮನೆಗಳ ಕಾಂಪೌಂಡು ಗೋಡೆಯಾಚೆಗೆ ಹೊಡೆಯುವುದು. ಆ ಹೊಡೆತಕ್ಕೆ ಸಿಕ್ಕಿದವರಲ್ಲಿ ಮೊದಲನೆಯ ಬೌಲರು ನಾನು. ಒಂದು ಸಂಜೆ ನನ್ನ ಒಂದೇ ಓವರಿನಲ್ಲಿ ನಾಲ್ಕು ಸಲ ಚೆಂಡು ಗೋಡೆ ದಾಟಿತು. ಮರುದಿನವೇ ನಾನು ಒಂದು ನಿಯಮ ಮಂಡಿಸಿದೆ: ಗೋಡೆ ದಾಟಿದರೆ ಔಟು. ಕಾರಣ, ಕಿಟಕಿಯ ಗಾಜು. ಕಾರಣ, ಚೆಂಡಿನ ಬೆಲೆ. ಚೆಂಡು ನನ್ನದಾಗಿತ್ತಾದ್ದರಿಂದ ಮಸೂದೆ ಅವಿರೋಧವಾಗಿ ಅಂಗೀಕೃತವಾಯಿತು.

ಕರ್ನಾಟಕದ ಯಾವ ಬೀದಿಗೆ ಹೋದರೂ ಈ ನಿಯಮ ಇದ್ದೇ ಇದೆ. ನಾನೇ ಕಂಡುಹಿಡಿದೆನೆಂದು ಹೇಳಿಕೊಳ್ಳಲಾರೆ. ಗಾಜಿರುವ ಕಡೆ ಅದು ನ್ಯಾಯವೂ ಹೌದು. ಆದರೆ ಆ ಹುಡುಗ ಎರಡು ಸಂಜೆ ಬಂದ. ಎರಡು ಸಲವೂ ಚೆಂಡು ಕಾಲಿನ ಕಡೆಗೆ ಬಿದ್ದಾಗ ತೋಳು ತಾನಾಗಿಯೇ ಎದ್ದು, ಔಟಾಗಿ, ಬ್ಯಾಟನ್ನು ಮೆತ್ತಗೆ ನೆಲಕ್ಕಿಟ್ಟು ಹೋದ. ಮೂರನೆಯ ಸಂಜೆ ಅವನು ಬರಲಿಲ್ಲ. ಯಾರೂ ಕರೆಯಹೋಗಲಿಲ್ಲ.

ಆಮೇಲೆ ಅವನು ತಂದೆಯಂತೆ ಗಣಿಗೆ ಸೇರಿದ. ನಾನು ಓದಲು ಹೊರಗೆ ಹೋದೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅದಾಗಿ ಎರಡು ವರ್ಷಕ್ಕೆ ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಹತ್ತಿದಾಗ ಕಾವಲುಗಾರನ ನೀಲಿ ಉಡುಪಿನಲ್ಲಿದ್ದವನೊಬ್ಬ ಸರಿದು ಜಾಗ ಕೊಟ್ಟ. ಗುರುತು ಹಿಡಿದದ್ದು ಅವನೇ.

"ಏನಪ್ಪಾ ಬೌಲರು, ಚೆನ್ನಾಗಿದ್ದೀಯಾ?"

ಮಕ್ಕಳು, ಮದುವೆ, ಮಂಡಿನೋವು ಎಲ್ಲ ಮಾತಾಡಿದೆವು. ವೈಟ್‌ಫೀಲ್ಡು ಬಂದಾಗ ಅವನು ಇಳಿಯಲು ಎದ್ದು, ಚೀಲ ಹೆಗಲಿಗೇರಿಸುತ್ತ ನಕ್ಕ. "ಗಾಜು ಗಾಜು ಅಂತ ಕಾನೂನು ಮಾಡಿದ್ಯಲ್ಲಪ್ಪಾ, ನಾನು ಆಡೋವರೆಗೂ ಒಂದು ಗಾಜಾದ್ರೂ ಒಡೆದಿತ್ತಾ ಹೇಳು?"

ಒಡೆದಿರಲಿಲ್ಲ. ನಮ್ಮ ಬೀದಿಯಲ್ಲಿ ಒಡೆದದ್ದು ಒಂದೇ ಗಾಜು. ಅದು ಆ ಮುಂದಿನ ವರ್ಷ, ನಾನು ಎಸೆದ ಚೆಂಡು ದಾರಿ ತಪ್ಪಿದಾಗ. ಇದನ್ನು ಅವನಿಗೆ ಹೇಳುವಷ್ಟರಲ್ಲಿ ಅವನು ಪ್ಲಾಟ್‌ಫಾರ್ಮಿನ ಜನರಲ್ಲಿ ಸೇರಿಹೋಗಿದ್ದ.

ಈ ಕಥೆಯನ್ನು ನಾನು ಸಭೆಗೆ ಹೇಳಲಿಲ್ಲ. ಮುದುಕರ ಕಥೆ ಕೇಳಲು ಹುಡುಗರು ಚಂದಾ ಕೊಟ್ಟಿರಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳಿದೆ: "ಈ ಎಡ್ಡಿಯನ್ನು ಸೋಲಿಸಿದವರು ಒಬ್ಬರೂ ಇಲ್ಲವೇನಪ್ಪಾ?"

ಗೋಡೆಗೆ ಒರಗಿದ್ದ ಒಬ್ಬ ಹಿರಿಯ ಹುಡುಗ ನಾಚುತ್ತ ಕೈಯೆತ್ತಿದ. ಅವನಿಗೆ ಅದು ಕಷ್ಟವೇ ಅಲ್ಲವಂತೆ. ಎಡ್ಡಿ ಸುತ್ತುವವರೆಗೂ ಅವಸರ ಮಾಡದೆ, ತಡೆದುಕೊಂಡು ಕಾದು, ಸುತ್ತು ಮುಗಿದ ಕ್ಷಣದಲ್ಲಿ ಹೊಡೆದರೆ ಆಯಿತಂತೆ. "ಇವರಿಗೆ ತಾಳ್ಮೆ ಇಲ್ಲ ತಾತ," ಎಂದ. ಸಭೆಯಲ್ಲಿ ಗದ್ದಲವೆದ್ದಿತು.

ಹಾಗಾದರೆ ಎಡ್ಡಿ ಅಕುಮಾನ ಜಾತಿಯವನಲ್ಲ. ಚೆನ್ನಾಗಿ ಬಲ್ಲವರನ್ನು ಅವನು ಸೋಲಿಸಲಾರ. ಏನೂ ಬಾರದವನನ್ನು ಆಟದೊಳಕ್ಕೆ ಕರೆತರಬಲ್ಲ. ಅವನಿಂದ ಕಷ್ಟವಾಗುವುದು ನಡುವಿನವರಿಗೆ: ಸ್ವಲ್ಪ ಕಲಿತು, ಕಲಿತದ್ದರ ಬಗ್ಗೆ ಹೆಮ್ಮೆಪಡುವ ನಮ್ಮಂಥವರಿಗೆ. ಬ್ಯಾಟಿನ ಅಗಲಕ್ಕೆ ಅಳತೆ ಹಾಕುವುದು ಬೇರೆ, ಒಬ್ಬನ ತೋಳಿಗೆ ಅಳತೆ ಹಾಕುವುದು ಬೇರೆ. ಬಿರಿಯಾನಿಗಾಗಿ ಆಡುವ ಆಟದಲ್ಲಿ ಮುಂದಿನ ಭಾನುವಾರ ಎಲ್ಲರೂ ಬರುವಂತೆ ನೋಡಿಕೊಳ್ಳುವುದೇ ನಿಯಮದ ಕೆಲಸ. ಸೋತು ಬೇಸತ್ತು ಹತ್ತು ಮಂದಿ ಬರದಿದ್ದರೂ ಕೆಟ್ಟದ್ದು. ಒಬ್ಬನನ್ನು ಬರದಂತೆ ಮಾಡಿದರೂ ಕೆಟ್ಟದ್ದು.

ಕೊನೆಗೆ ದಾರಿ ಸೂಚಿಸಿದ್ದು ಕರ್ಣ. ಇಂದ್ರ ಅವನ ಕವಚಕುಂಡಲಗಳನ್ನು ಕೊಂಡು ಶಕ್ತ್ಯಾಯುಧ ಕೊಟ್ಟಾಗ ಹಾಕಿದ ಷರತ್ತನ್ನು ನೆನಪಿಸಿದೆ: ಒಂದು ಸಲ ಮಾತ್ರ ಪ್ರಯೋಗ. ಹುಡುಗರಿಗೆ ಅದು ಹಿಡಿಸಿತು. ಒಂದು ಭಾನುವಾರಕ್ಕೆ ಒಬ್ಬನಿಗೆ ಒಂದೇ ಪಂದ್ಯದಲ್ಲಿ ಎಡ್ಡಿ; ಉಳಿದವುಗಳಲ್ಲಿ ಬೇರೆ ಜಟ್ಟಿ. ಹೊಸ್ತಿಲ ಹುಡುಗನನ್ನೂ ಕೇಳಿದೆವು. ಅವನು ಕಾಲರು ಬಿಟ್ಟು "ಸರಿ ತಾತ" ಎಂದ. 1969ರಲ್ಲಿ ನಾನು ಮಾಡದೆ ಬಿಟ್ಟದ್ದು ಇಷ್ಟೇ: ಕೇಳುವುದು.

ಫೈನಲಿಗಾಗಿ ಅಸ್ತ್ರವನ್ನು ಕಾಯ್ದಿಡುತ್ತಾನೆಂದು ಎಲ್ಲರೂ ಭಾವಿಸಿದ್ದರು. ಅವನು ಮೊದಲ ಪಂದ್ಯದಲ್ಲೇ ಪ್ರಯೋಗಿಸಿ ಅಧ್ಯಕ್ಷರನ್ನು ಉರುಳಿಸಿದ. ಭಾರತದ ಕಥೆಯಲ್ಲಿ ಘಟೋತ್ಕಚ ಬಿದ್ದಂತೆ ನಮ್ಮ ಪಡಸಾಲೆಯಲ್ಲಿ ನನ್ನ ಮೊಮ್ಮಗ ಬಿದ್ದ. ಎರಡನೆಯ ಪಂದ್ಯದಲ್ಲಿ ಬೇರೆ ಜಟ್ಟಿಯನ್ನು ಹಿಡಿದು ಹುಡುಗ ಸೋತ. ಬಿರಿಯಾನಿ ತಾಳ್ಮೆಯವನ ಪಾಲಾಯಿತು.

ಮುಂದಿನ ಭಾನುವಾರ ಬಾಗಿಲು ತೆರೆಯುವ ಮೊದಲೇ ಅವನು ಜಗಲಿಯ ಮೇಲೆ ಕುಳಿತಿದ್ದ. ಬೇರೆ ಜಟ್ಟಿಯ ವರಸೆ ಹೇಳಿಕೊಡು ಎಂದು ನನ್ನ ಮೊಮ್ಮಗನನ್ನು ಕೇಳಲು ಬೇಗ ಬಂದಿದ್ದನಂತೆ. ಮೊಮ್ಮಗ ಇನ್ನೂ ಮಲಗಿದ್ದ. ನಾನೇ ಹೋಗಿ ಎಬ್ಬಿಸಿದೆ.